ನೀಲಿ ಮಾವ ಗೆಲ್ಲಿಸಿದ ಕವಚ

ಗೇರ್‌ಬಾಕ್ಸ್ ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುವ ಹಿರಿಯ ವಿಶ್ಲೇಷಕನನ್ನು ಎಲ್ಲರೂ ನೀಲಿ ಮಾವ ಎನ್ನುತ್ತಿದ್ದರು. ಮಾವ ಎಂದದ್ದು, ಮಗಳ ಗಂಡ ಅದೇ ಕೋಣೆಗೆ ವಿನ್ಯಾಸಕನಾಗಿ ಬಂದು ಸೇರಿದ್ದರಿಂದ. ನೀಲಿ ಎಂದದ್ದು, ಮೇಲಿನವರಿಗೆ ಬೇಡವಾದ ಕಡೆ ಅವನ ಚಿತ್ರಗಳಲ್ಲಿ ಕೆಂಪು ಎಂದೂ ಕಾಣಿಸದಿದ್ದುದರಿಂದ.

ಅವನದು ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯ ಕೆಲಸ. ಎರಕದ ಕವಚವೊಂದನ್ನು ಕಂಪ್ಯೂಟರಿನಲ್ಲಿ ಸಾವಿರಾರು ಪುಟ್ಟ ತುಂಡುಗಳಾಗಿ ಬಿಡಿಸಿ, ಒಳಗಿನ ಗೇರುಗಳು ತಳ್ಳುವಾಗ ಯಾವ ತುಂಡಿಗೆ ಎಷ್ಟು ಒತ್ತಡವೆಂದು ಲೆಕ್ಕ ಹಾಕುವುದು. ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿ. ಕೆಂಪು ಯಾವ ಅಂಕಿಯಿಂದ ಶುರುವಾಗಬೇಕೆಂಬುದು ಮಾತ್ರ ಚಿತ್ರ ತೆಗೆಯುವವನ ಮರ್ಜಿ. ಇಷ್ಟು ವರ್ಷದ ಸೇವೆಯಲ್ಲಿ ಅವನಿಗೆ ಪೂರ್ತಿ ಕರಗತವಾದ ವಿದ್ಯೆ ಇದೊಂದೇ.

ಹೊಸ ಕವಚಕ್ಕೆ ಎರಡು ವಿನ್ಯಾಸಗಳು ಪೈಪೋಟಿಗೆ ನಿಂತವು: ಒಂದು ಅಳಿಯನದು, ಇನ್ನೊಂದು ಎದುರು ಮೇಜಿನ ಹೆಂಗಸಿನದು. ಯಾರದು ಗೆಲ್ಲುವುದೋ ಅವರಿಗೆ ಗುಂಪಿನ ಮುಖ್ಯಸ್ಥರ ಕುರ್ಚಿ. ಮನೆಯಲ್ಲಿ ಊಟಕ್ಕೆ ಕೂತಾಗ ಅಳಿಯ ಮೆಲ್ಲಗೆ ಕೇಳಿದ.

“ಮಾವ, ನನ್ನ ಕವಚದಲ್ಲಿ ಬೋಲ್ಟ್ ಕೂರೋ ಕಿವಿ ಬುಡದಲ್ಲಿ ತೆಳು ಆಯ್ತೇನೋ ಅಂತ ಅನುಮಾನ. ಕೆಂಪು ಬಂದ್ರೆ ಹೇಳಿ, ಇನ್ನೂ ಟೈಮಿದೆ, ಸರಿ ಮಾಡ್ತೀನಿ.”

“ನಾನಿರೋವಾಗ ನಿಂಗ್ಯಾಕಪ್ಪಾ ಕೆಂಪು? ಸುಮ್ನೆ ಉಣ್ಣು.”

ಕೆಂಪು ಬಂದೇ ಇತ್ತು, ಸೊಳ್ಳೆ ಕಚ್ಚಿದ ಗುರುತಿನಷ್ಟು. ಮಾವ ಅಳಿಯನ ಚಿತ್ರದ ಬಣ್ಣದ ಪಟ್ಟಿಯಲ್ಲಿ ಕೆಂಪು ಶುರುವಾಗುವ ತುದಿಯಂಕಿಯನ್ನು ಏರಿಸಿದ. ಕವಚ ಗಾಳಿಯಿಲ್ಲದ ಕೆರೆಯಂತೆ ನೀಲಿಯಾಯಿತು. ಎದುರು ಮೇಜಿನವಳ ಚಿತ್ರದ ತುದಿಯಂಕಿಯನ್ನು ಇಳಿಸಿದ. ಅದು ಸಿಡುಬೆದ್ದ ಮುಖವಾಯಿತು.

ಸಭೆಯಲ್ಲಿ ಅವಳು ಸುಮ್ಮನಿರಲಿಲ್ಲ. “ಸಾರ್, ಎರಡು ಚಿತ್ರದ ಅಂಕಿಗಳೂ ಬೇರೆ ಬೇರೆ ಇವೆ. ಒಂದೇ ಪಟ್ಟೀಲಿ ತೋರ್ಸಿ.”

“ಅಂಕಿ ನೋಡೋಕೆ ಪುರುಸೊತ್ತಿದ್ದಿದ್ರೆ ಬಣ್ಣ ಯಾಕಮ್ಮಾ ಬೇಕಿತ್ತು?” ಎಂದ ವಿಭಾಗದ ದೊರೆ. ಅವನ ಪಾಲಿಗೆ ಎಂಜಿನಿಯರಿಂಗೂ ಗೋಡೆಗೆ ಸುಣ್ಣ ಬಳಿಯುವುದೂ ಒಂದೇ. ನೀಲಿ ಗೆದ್ದಿತು. ಮಾವ ಮೀಸೆ ತಿರುವುತ್ತ ಮನೆಗೆ ಹೋದ.

ಮೊದಲ ಕವಚವನ್ನು ಪರೀಕ್ಷೆಯ ಪೀಠಕ್ಕೆ ಬಿಗಿದು ಪೂರ್ತಿ ಭಾರ ಕೊಟ್ಟಾಗ ಅಳಿಯನೇ ಪಕ್ಕದಲ್ಲಿ ನಿಂತಿದ್ದ. ಕಿವಿ ಬುಡಸಮೇತ ಕಿತ್ತು ಬಂತು; ಬಿಸಿ ಎಣ್ಣೆ ಅವನ ಅಂಗಿಗೆ ಚಿಮ್ಮಿತು. ಅದೇ ಅಂಗಿಯಲ್ಲಿ ಮೇಲೆ ಬಂದವನು ಮಾವನನ್ನು ಏಳಿಸಿ ತಾನು ಕೂತು, ಎರಡೂ ಚಿತ್ರಗಳನ್ನು ಒಂದೇ ಪಟ್ಟಿಗೆ ತಂದ. ಅವಳ ಕವಚ ಶಾಂತವಾಯಿತು. ಅವನದರ ಕಿವಿಯ ಬುಡದಲ್ಲಿ, ಕಿತ್ತುಬಂದಲ್ಲೇ, ಕೆಂಪು ಕೂತಿತ್ತು.

“ಎರಕದವ್ರು ಕೆಡಿಸಿದ್ದು. ಒಳಗೆ ಗಾಳಿಗುಳ್ಳೆ ಇರತ್ತೆ,” ಎಂದ ಮಾವ.

“ಬುಡಕ್ಕೆ ಆಸರೆಗೊಂದು ಒತ್ತುಪಟ್ಟಿ ಕೊಟ್ಟಿದ್ರೆ ಮುಗೀತಿತ್ತು, ಸಾರ್. ಒಂದು ಬೆಳಗಿನ ಕೆಲಸ. ಬಾಯ್ಬಿಟ್ಟು ಕೇಳಿದ್ನಲ್ಲ,” ಎಂದ ಅಳಿಯ.

ಕುರ್ಚಿ ಎದುರು ಮೇಜಿನವಳಿಗೆ ಹೋಯಿತು. ಅಳಿಯ ಅಂದಿನಿಂದ ಮನೆಯ ಊಟದ ಮೇಜಿನಲ್ಲೂ ಹೆಂಡತಿಯ ತಂದೆಯನ್ನು ಸಾರ್ ಎಂದೇ ಕರೆದ. ಇದೇನಪ್ಪಾ ಹೊಸದು ಎಂದು ಮಗಳು ಕೇಳಿದ್ದಕ್ಕೆ, ನೀಲಿ ಮಾವ ತಟ್ಟೆಯಿಂದ ತಲೆಯೆತ್ತದೆ ಹೇಳಿದ:

“ಏನಿಲ್ಲಮ್ಮಾ. ಎಲ್ಲ ಚೆನ್ನಾಗೇ ಇದೆ.”