ಏಣಿಯಣ್ಣನ ಪುಟ್ಟ ಬಟ್ಟಲು

ಗೋಡೆಗೆ ಬಣ್ಣ ಹೊಡೆಯುವುದರಲ್ಲಿ ಅವನದು ಎತ್ತಿದ ಕೈ. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುತ್ತಿದ್ದುದು ಹೊತ್ತು ಮುಳುಗಿದ ಮೇಲೆಯೇ. ಹಾಗಾಗಿ ಎಲ್ಲರ ಬಾಯಲ್ಲೂ ಏಣಿಯಣ್ಣ. ಒಮ್ಮೆ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಂಡಿತು. ಅದು ಕ್ಯಾನ್ಸರ್ ಎಂದು ತಿಳಿದು ಚಿಕಿತ್ಸೆಯೂ ಮುಗಿಯಿತು. ರೋಗವೇನೋ ಹೋಯಿತು, ಹೋಗುವಾಗ ಅವನ ಕಸುವನ್ನೂ ಕಂಕುಳಲ್ಲಿಟ್ಟುಕೊಂಡು ಹೋಯಿತು. ಅಂಗಿಯ ಗುಂಡಿ ಹಾಕಿಕೊಂಡರೆ ಸಾಕು, ಮಂಚದ ಮೇಲೆ ಕೂತು ಸುಧಾರಿಸಿಕೊಳ್ಳಬೇಕು.

ಒಂಟಿ ಜೀವ, ಟೀ ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದ. ಸುದ್ದಿ ಕೇಳಿ ಅಕ್ಕ ಹೊಲಿಗೆ ಮೆಷಿನ್ ಸಮೇತ ಬಂದು ಬೀಡುಬಿಟ್ಟಳು. ತಟ್ಟೆಯ ತುಂಬ ಅನ್ನ ಗುಡ್ಡೆ ಹಾಕಿ ಮುಂದಿಟ್ಟಳು.

"ಅಕ್ಕಾ, ಇದನ್ನ ನೋಡಿದ್ರೇ ಸುಸ್ತಾಗುತ್ತೆ."

"ತಿನ್ನದೆ ಶಕ್ತಿ ಆಕಾಶದಿಂದ ಉದುರುತ್ತೇನೋ?"

ಅವನು ತಟ್ಟೆ ಸರಿಸಿದ. ಅವಳು ಮೆಷಿನ್ನಿಗೆ ಮುಖ ತಿರುಗಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಅಕ್ಕ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಆಹಾರ ತಜ್ಞೆ ಮೊದಲು ರಕ್ತ ಪರೀಕ್ಷೆಯ ವರದಿ ನೋಡಿದಳು. ರಕ್ತ ಕಮ್ಮಿಯಿರಲಿಲ್ಲ, ಸುಸ್ತಿಗೆ ಅದು ಕಾರಣವಲ್ಲ.

"ಊಟ ಮಂತ್ರದಂಡ ಅಲ್ಲಮ್ಮ. ಆದ್ರೆ ಬೇಕೇ ಬೇಕು. ಒಂದೇ ಸಲ ತುರುಕಬೇಡಿ. ಸ್ವಲ್ಪ ಸ್ವಲ್ಪವಾಗಿ, ಆಗಾಗ ಕೊಡಿ. ಮೊಟ್ಟೆ, ಮೊಸರು, ಬೇಳೆ, ಹಣ್ಣು. ನೀರು ಮರೀಬೇಡಿ. ಆದಷ್ಟು ನಡೀಲಿ."

ಅಂದಿನಿಂದ ಅಕ್ಕ ಒಂದು ಬಟ್ಟೆ ಹೊಲಿದು ಮುಗಿಸಿದಾಗಲೆಲ್ಲ ಪುಟ್ಟ ಬಟ್ಟಲೊಂದು ಅವನ ಕೈಗೆ ಬರುತ್ತಿತ್ತು. ಸ್ಟೀಲ್ ಚಮಚ ಬಾಯಿಗಿಟ್ಟರೆ ತುಕ್ಕಿನ ರುಚಿ ಎಂದು ಅವನು ಹೇಳಿದಾಗ ಮರದ ಚಮಚ ತಂದಳು. ಅಡುಗೆ ಸಪ್ಪೆಯೇ, ಅದನ್ನು ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಊಟದ ನಂತರ ಇಬ್ಬರೂ ಬೀದಿಯ ತುದಿಯವರೆಗೆ ನಡೆದು ಬರುತ್ತಿದ್ದರು. ಕೆಲವು ದಿನ ಅರ್ಧಕ್ಕೇ ವಾಪಸು. "ಬೀದಿ ಎಲ್ಲಿಗೂ ಓಡಿಹೋಗಲ್ಲ ಬಿಡೋ, ನಾಳೆ ನಡೆದ್ರಾಯ್ತು" ಎನ್ನುತ್ತಿದ್ದಳು ಅಕ್ಕ.

ತಿಂಗಳುಗಳು ಉರುಳಿದವು. ಒಂದು ಮಧ್ಯಾಹ್ನ ಮೆಷಿನ್ ಸದ್ದು ನಿಂತಿತ್ತು. ಅಕ್ಕನಿಗೆ ಜ್ವರ. ಅವನು ಅಡುಗೆಮನೆಗೆ ಹೋಗಿ ಬೇಳೆ ಬೇಯಿಸಿದ, ಮೊಟ್ಟೆ ಬೇಯಿಸಿ ಸುಲಿದ, ಉಪ್ಪು ಸರಿಯಾಗಿ ಹಾಕಿದ.

ಬಟ್ಟಲು ಹಿಡಿದು ಬಂದವನನ್ನು ಅವಳು ದಿಟ್ಟಿಸಿದಳು. "ಇಷ್ಟೊತ್ತು ನಿಂತೇ ಇದ್ಯೇನೋ?"

ಆಗಲೇ ಅವನಿಗೂ ಹೊಳೆದದ್ದು. ಗೋಡೆಗೆ ಒರಗಿಯೂ ಇರಲಿಲ್ಲ.

ಅವಳು ಒಂದು ತುತ್ತು ಬಾಯಿಗಿಟ್ಟಳು. "ನನ್ನ ಅಡುಗೆ ಇಷ್ಟು ಸಪ್ಪೆ ಅಂತ ಯಾಕೋ ಹೇಳಲಿಲ್ಲ, ಕಳ್ಳ?" ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಈಗ ಅವನು ಮಧ್ಯಾಹ್ನದವರೆಗೆ ಕೆಲಸಕ್ಕೆ ಹೋಗುತ್ತಾನೆ. ಮೇಲಿನ ಗೋಡೆ ಜೊತೆಗಾರನದು, ಸ್ಟೂಲಿನ ಮೇಲೆ ಕೂತು ಹೊಡೆಯುವ ಕೆಳಗಿನ ಗೋಡೆ ಇವನದು. ಸುಸ್ತು ಇನ್ನೂ ಆಗಾಗ ಬರುತ್ತದೆ. ಬಂದಾಗ ಕುಂಚ ಕೆಳಗಿಟ್ಟು, ಅಕ್ಕ ಕಟ್ಟಿಕೊಟ್ಟ ಡಬ್ಬಿ ತೆರೆದು, ನಿಧಾನವಾಗಿ ತಿನ್ನುತ್ತಾನೆ.