ಪೂಜೆ ಮಾಡಿದ ಕಂಪ್ಯೂಟರನ್ನು ನಡುವೆ ಆಫ್ ಮಾಡಬಾರದಂತೆ

ಗೆಳೆಯರೇ, ಇನ್ನೂ ಮೈ ಉರಿಯುತ್ತಿದೆ. ತಂಗಿಯ ಕಾಲೇಜು ಅರ್ಜಿಗೆ ಇವತ್ತು ಸಂಜೆ ಐದು ಗಂಟೆಯೇ ಕೊನೆ. ಕೊಟ್ಟೂರಿನ ಇಂಟರ್ನೆಟ್ ಸೆಂಟರಿನಲ್ಲಿ ನಾಲ್ಕರಿಂದ ಕೂತರೂ ಅರ್ಜಿಯ ಸೈಟ್ ತೆರೆಯಲಿಲ್ಲ. ಹರಪನಹಳ್ಳಿಯ ಗೆಳತಿಗೆ ಫೋನ್ ಮಾಡಿದೆ.

"ಮಧ್ಯಾಹ್ನ ಸೈಟ್ ಬ್ಯಾರೆ ಸರ್ವರ್‌ಗೆ ಹೋಗೈತಂತ, ವಿಳಾಸ ಬದಲಾಗೈತಿ. ನಮ್ಮಲ್ಲಿ ಬರಾಕತ್ತೈತಿ" ಎಂದಳು.

ಅಂದರೆ ಈ ಕಂಪ್ಯೂಟರ್ ತಾನು ನೆನಪಿಟ್ಟುಕೊಂಡ ಹಳೆಯ ವಿಳಾಸಕ್ಕೇ ಹೋಗುತ್ತಿದೆ.

ಮಾಲೀಕರಿಗೆ ಹೇಳಿದೆ: "ಒಂದ್ಸಲ ಆಫ್ ಮಾಡಿ ಆನ್ ಮಾಡ್ರಿ, ಸರಿ ಆಕ್ಕತಿ."

"ಮುಂಜಾನಿ ಪೂಜಿ ಮಾಡಿ ಚಾಲೂ ಮಾಡಿದ್ದು. ನಡುವ ಆಫ್ ಮಾಡಂಗಿಲ್ರಿ."

ನಾನೇ ಕಮಾಂಡ್ ಕೊಡುವ ಕಪ್ಪು ಪರದೆ ತೆರೆದು ಆ ನೆನಪಿನ ಪಟ್ಟಿ ನೋಡಿದೆ. ಹಳೆಯ ವಿಳಾಸ ಅಲ್ಲೇ ಇತ್ತು. ಮಾಲೀಕರು ಓಡಿಬಂದರು.

"ವೈರಸ್ ಬಿಡಾಕತ್ತೀರೇನ್ರಿ? ಏಳ್ರಿ ಮ್ಯಾಲೆ."

ಏಳಲಿಲ್ಲ. ಪಟ್ಟಿ ಅಳಿಸುವ 'ಫ್ಲಷ್ ಡಿಎನ್ಎಸ್' ಎಂಬ ಒಂದೇ ಸಾಲು ಕುಟ್ಟಿದೆ. ಸೈಟ್ ತೆರೆಯಿತು. ಐದಕ್ಕೆ ಆರು ನಿಮಿಷವಿದ್ದಾಗ ಅರ್ಜಿ ಹೋಯಿತು.

ಮಾಲೀಕರು ವಿಭೂತಿ ಹಚ್ಚಿದ ಮಾನಿಟರಿಗೆ ಕೈಮುಗಿದು ಪಕ್ಕದವರಿಗೆ ಹೇಳಿದರು: "ಇವ್ರ ಮಾತು ಕೇಳಿ ಆಫ್ ಮಾಡಿದ್ರ ಬರ್ತಿತ್ತೇನ್ರಿ?"

ಇದನ್ನು ಅದೇ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ. ಅವರು ಬೆನ್ನ ಹಿಂದೆ ನಿಂತು ಓದುತ್ತಿದ್ದಾರೆ. ಓದಲಿ.