ಅತ್ತೆ ಹೊಲಿದ ಬಲಗಡೆ ಜೇಬು

ನಮ್ಮತ್ತೆ ಹೊಲಿದ ಜೇಬು ಹರಿದದ್ದನ್ನು ಯಾರೂ ಕಂಡಿಲ್ಲ. ಅತ್ತೆ ಅಂದರೆ ಅಪ್ಪನ ಅಕ್ಕ. ಅಡ್ಡರಸ್ತೆಯಲ್ಲಿ ಅವಳದು ಒಂದೇ ಬಾಗಿಲಿನ ಅಂಗಡಿ, ಒಂದು ಹೊಲಿಗೆ ಮಿಷನ್ನು, ಮೊಳೆಗೆ ನೇತುಹಾಕಿದ ಅಳತೆ ಪುಸ್ತಕ. ಗುಂಡಿ, ಕಾಜಾ ನನ್ನ ಪಾಲಿನ ಕೆಲಸ. ರಸ್ತೆಯ ಕೊನೆಯಲ್ಲಿ ಪೈಪು ಕಾರ್ಖಾನೆ. ಕಬ್ಬಿಣದ ಪೈಪಿಗೆ ತುಕ್ಕು ಹಿಡಿಯದಿರಲಿ ಅಂತ ಅಲ್ಲಿ ಕಲ್ಲಿದ್ದಲಿನ ಟಾರನ್ನು ತೊಟ್ಟಿಯಲ್ಲಿ ಕಾಯಿಸಿ ಬಳಿಯುತ್ತಾರೆ. ತೊಟ್ಟಿ ಕೆಲಸದ ಇಪ್ಪತ್ತಮೂರು ಜನರ ದಪ್ಪ ಪ್ಯಾಂಟುಗಳೆಲ್ಲ ಅತ್ತೆಯ ಕೈಯವೇ. ಆ ಇಪ್ಪತ್ತಮೂರರಲ್ಲಿ ಒಬ್ಬರು ಅವಳ ಗಂಡ, ನಮ್ಮ ಮಾವ. ಇನ್ನೊಬ್ಬರು ನನ್ನ ಅಪ್ಪ.

ತೊಟ್ಟಿಯವರಿಗೆ ಒಂದು ಚಿಂದಿ ಬಟ್ಟೆ ಇಲ್ಲದಿದ್ದರೆ ಕೈಯೇ ಓಡುವುದಿಲ್ಲ. ಕುಂಚದ ಹಿಡಿ ಒರೆಸುವುದು ಅದರಲ್ಲಿ, ಕೈ ಒರೆಸುವುದು ಅದರಲ್ಲಿ, ಮೈಮರೆತರೆ ಮುಖವೂ ಅದರಲ್ಲೇ. ಒರೆಸಿ ಜೇಬಿಗೆ ತುರುಕಬೇಕು, ಹತ್ತು ನಿಮಿಷಕ್ಕೆ ಮತ್ತೆ ಎಳೆಯಬೇಕು. ಮದುವೆಯಾದ ಹೊಸದರಲ್ಲಿ ಮಾವ, "ಈ ಜೇಬು ಸಾಲಲ್ಲ ಕಣೇ, ಚಿಂದಿ ಬಿದ್ದು ಬಿದ್ದು ಹೋಗುತ್ತೆ" ಅಂದರಂತೆ. ಅತ್ತೆ ಬಲಗಡೆಯ ಜೇಬನ್ನು ಆಳಕ್ಕೆ ಇಳಿಸಿ, ಚಿಂದಿ ತೊಡೆಸಂದಿಗೆ ಒತ್ತಿ ಕೂರುವ ಹಾಗೆ ಹೊಲಿದುಕೊಟ್ಟಳು. ಅದನ್ನು ನೋಡಿ ಉಳಿದವರೆಲ್ಲ ತಮಗೂ ಅಂಥದ್ದೇ ಬೇಕೆಂದು ಸಾಲುಗಟ್ಟಿದರು. ಅತ್ತೆ ಹಿಗ್ಗಿಹೋಗಿದ್ದಳು.

ಹತ್ತೊಂಬತ್ತು ವರ್ಷ ಕಳೆಯಿತು. ಮಾವನಿಗೆ ತೊಡೆಸಂದಿಯಲ್ಲಿ ಹುಣ್ಣಾಗಿ ಎರಡು ವರ್ಷವಾಗಿದ್ದರೂ ಹೆಂಡತಿಗೂ ಹೇಳಿರಲಿಲ್ಲ. ಬೆವರಿಗೆ ಆಗಿದ್ದು ಅಂತ ಪೌಡರ್ ಹಾಕಿಕೊಂಡು ಓಡಾಡಿದರು. ತೋರಿಸಿಕೊಳ್ಳುವ ಜಾಗವಲ್ಲ ನೋಡಿ. ನಡೆಯಲಾಗದೆ ಹೋದ ಮೇಲೆ ಅತ್ತೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮುಗಿಸಿ, "ಕೈ ಒರೆಸೋ ಬಟ್ಟೆ ಯಾವ ಜೇಬಲ್ಲಿ ಇಟ್ಕೊಳ್ತಾರೆ?" ಎಂದು ಕೇಳಿದರು.

"ಬಲಗಡೆ," ಅಂದಳು ಅತ್ತೆ. ಹುಣ್ಣೂ ಬಲಗಡೆಗೇ ಇತ್ತು.

ಟಾರಿನಲ್ಲಿ, ಮಸಿಯಲ್ಲಿ, ಅದರ ಹೊಗೆಯಲ್ಲಿ ಒಂದು ಜಾತಿಯ ರಾಸಾಯನಿಕಗಳಿರುತ್ತವೆ, ದಿನಾ ಚರ್ಮಕ್ಕೆ ತಾಗುತ್ತಿದ್ದರೆ ಒಳಗಿಳಿದು ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲವು, ಹೊಗೆ ಕುಡಿದವರ ಶ್ವಾಸಕೋಶವನ್ನೂ ಬಿಡುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೆಸರು ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್. ಅತ್ತೆ ಅದನ್ನು ಎರಡು ಸಲ ಹೇಳಿಸಿ ಅಳತೆ ಪುಸ್ತಕದಲ್ಲಿ ಬರೆದುಕೊಂಡಳು, ಮಾವನ ಸೊಂಟದ ಅಳತೆಯ ಕೆಳಗೇ. "ಸಣ್ಣದಿದ್ದಾಗಲೇ ಬಂದಿದ್ರೆ ಕತ್ತರಿಸಿ ತೆಗೀಬಹುದಿತ್ತು," ಅಂದರು ಡಾಕ್ಟರಮ್ಮ. ಮಾವ ಐದು ತಿಂಗಳು ಇದ್ದರು.

ಅವರು ಹೋದ ಮೇಲೆ ಅತ್ತೆ ಒಂದು ತಿಂಗಳು ಮಿಷನ್ ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಗಡಿ ತೆಗೆದು ಕತ್ತರಿ ಎತ್ತಿಕೊಂಡು ನನಗೆ ಹೇಳಿದಳು: "ಆ ಜೇಬು ಹೊಲಿದೋಳು ನಾನು. ಬಿಚ್ಚೋಳೂ ನಾನೇ."

ಬಿಚ್ಚುವುದೇನು ಸುಲಭವೇ? ಕಿತ್ತರೆ ಪ್ಯಾಂಟೇ ಹಾಳು, ಅದಕ್ಕೆ ರಿಪೇರಿಗೆ ಬಂದ ಪ್ಯಾಂಟುಗಳ ಜೇಬಿನ ಬಾಯಿ ಹೊಲಿದು ಕಳಿಸಿದರೆ ಗಂಡಸರು ಕೂಗಾಡಿದರು. ಅವಳು ಕಾರ್ಖಾನೆಯ ಮ್ಯಾನೇಜರ ಮುಂದೆ ಹೋಗಿ ನಿಂತಳು. ಚಿಂದಿ ನೇತುಹಾಕಲು ತೊಟ್ಟಿಯ ಹತ್ತಿರ ಕೊಕ್ಕೆ ಬೇಕು, ಸಂಜೆ ಅವನ್ನೆಲ್ಲ ಎಸೆಯಲು ಮುಚ್ಚಳದ ಡಬ್ಬ ಬೇಕು, ಡೀಸೆಲ್ಲಿನಲ್ಲಿ ಕೈ ತೊಳೆಯುವುದು ನಿಲ್ಲಬೇಕು, ಸೋಪು ನೀರು ಬೇಕು, ಕೆಲಸದ ಬಟ್ಟೆ ಅಲ್ಲೇ ಒಗೆಯಬೇಕು. ಮ್ಯಾನೇಜರು ನೋಡೋಣ ಅಂದರು. "ನೋಡಿ. ಅಲ್ಲೀವರೆಗೆ ನಾನು ಹೊಲಿಯಲ್ಲ," ಅಂದಳು. ಆ ದಪ್ಪ ಬಟ್ಟೆಗೆ ಸೂಜಿ ಹಾಕುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಮೂರು ವಾರ ನೋಡಿದ ಮೇಲೆ ಕೊಕ್ಕೆ, ಡಬ್ಬ, ಸೋಪು ಬಂದವು. ಒಗೆಯುವ ಮಿಷನ್ನು ಮಾತ್ರ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಹೋಗಿ ಕೇಳಿಬರುತ್ತಾಳೆ.

ಎಸೆದ ಚಿಂದಿಯ ಬದಲಿಗೆ ದಿನಾ ಬೆಳಿಗ್ಗೆ ಅಂಗಡಿಯ ತುಂಡುಬಟ್ಟೆಗಳನ್ನು ಚೀಲಕ್ಕೆ ತುಂಬಿ ಗೇಟಿನಲ್ಲಿ ನಾವಿಬ್ಬರೂ ಹಂಚತೊಡಗಿದೆವು. ನಾಲ್ಕು ತಿಂಗಳಲ್ಲಿ ಹನ್ನೆರಡು ಜನ ದಾರಿಗೆ ಬಂದರು. ಉಳಿದವರು ಬರಲಿಲ್ಲ, ಯಾಕೆಂದರೆ ಅವರ ಮುಂದಾಳು ನನ್ನ ಅಪ್ಪ. ಅಕ್ಕ ಹೊಲಿದ ಜೇಬಿನ ಬಾಯನ್ನು ಬ್ಲೇಡು ಹಾಕಿ ಬಿಚ್ಚಿಕೊಳ್ಳುತ್ತಿದ್ದದ್ದು ಈ ಮಹಾನುಭಾವರೇ. "ನಂಗೆ ಟಾರು ಮೈಗೆ ಒಗ್ಗಿದೆ. ಭಾವನ ಹಣೆಬರಹ ಹಾಗಿತ್ತು," ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು, ರಾತ್ರಿ ಅಳು ಬರುತ್ತಿತ್ತು. ಅತ್ತೆ ಮಾತ್ರ ಜಗಳವಾಡಲಿಲ್ಲ. ಅವನು ಬಿಚ್ಚಿದಷ್ಟು ಸಲ ನಾನು ಪ್ಯಾಂಟನ್ನು ಮನೆಯಿಂದ ತಂದುಕೊಟ್ಟೆ, ಅವಳು ಹೊಲಿದಳು, ಏಳು ಸಲ.

ಎಂಟನೆಯ ಸಲ ಪ್ಯಾಂಟಿನ ಒಳಮಗ್ಗುಲನ್ನು ಹೊರಗೆ ತಿರುಗಿಸಿದವಳು ಹಾಗೇ ನಿಂತಳು. ಜೇಬು ತೊಡೆಗೆ ಒತ್ತುವ ಕಡೆ ಟಾರಿನ ಕಪ್ಪು ಕಲೆ, ಅದರ ಪಕ್ಕ ಬೆರಳುಗುರಿನಷ್ಟು ರಕ್ತ. ಅಪ್ಪನನ್ನು ಅಂಗಡಿಗೆ ಕರೆಸಿ ನನ್ನನ್ನು ಹೊರಗೆ ಕಳಿಸಿದಳು. ನಾನು ಬಾಗಿಲಿಗೆ ಕಿವಿ ಕೊಟ್ಟೇ ನಿಂತಿದ್ದೆ.

"ಏನಾಗಿದೆಯೋ ಅಲ್ಲಿ?"

"ಏನಿಲ್ಲ ಬಿಡಕ್ಕ. ನಿನ್ನ ಹತ್ರ ಹೇಳೋ ವಿಷಯ ಅಲ್ಲ."

"ನಿನ್ನ ಅಂಡು ತೊಳೆದು ಬೆಳೆಸಿದೋಳು ನಾನು. ನನ್ನ ಮುಂದೆ ಎಂಥ ನಾಚಿಕೆ? ನಿನ್ನ ಭಾವನೂ ಹೀಗೇ ನಾಚ್ಕೊಂಡೇ ಹೋದ್ರು."

ಸ್ಟೂಲು ಎಳೆದು ಕೂತ ಸದ್ದಾಯಿತು. ಆಮೇಲೆ ಅಪ್ಪ ಮೆಲ್ಲಗೆ, "ಕಡಲೆಕಾಳಿನಷ್ಟು ಗಂಟು, ಅಕ್ಕ. ಮೂರು ತಿಂಗಳಾಯ್ತು. ಕೆರೆದ್ರೆ ರಕ್ತ ಬರುತ್ತೆ. ಭಯ ಆಗ್ತಿದೆ," ಅಂದ.

ಮರುದಿನ ಅದೇ ಡಾಕ್ಟರಮ್ಮನ ಮುಂದೆ ಅವನನ್ನು ಕೂರಿಸಿದಳು. ಗಂಟು ಕತ್ತರಿಸಿ ತೆಗೆದರು. ಪರೀಕ್ಷೆಯ ಕಾಗದ ಬರುವವರೆಗಿನ ಹತ್ತು ದಿನ ಅತ್ತೆ ಊಟ ಸರಿಯಾಗಿ ಮಾಡಲಿಲ್ಲ. ಕ್ಯಾನ್ಸರೇ ಆಗಿತ್ತು, ಆದರೆ ಆರಂಭದ್ದು, ಪೂರ್ತಿ ತೆಗೆದಾಗಿದೆ, ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡರೆ ಸಾಕು ಎಂದರು. ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮಾವ ಹೋದಾಗಲೂ ಅಳದಷ್ಟು ಅತ್ತಳು.

ಗಾಯ ಮಾಗಿದ ಮೇಲೆ ಅಪ್ಪ ಒಂದು ಬೆಳಿಗ್ಗೆ ನಮ್ಮ ಜೊತೆಯೇ ಗೇಟಿಗೆ ಬಂದ. ಅವನ ಕಡೆಯವರು ಹತ್ತಿರ ಬಂದು, "ಏನಣ್ಣ, ನೀನೂ ಅಕ್ಕನ ಪಾರ್ಟಿ ಸೇರಿದ್ಯಾ?" ಎಂದು ನಕ್ಕರು. ಅಪ್ಪ ಅವರನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಿ ಪ್ಯಾಂಟಿನ ಗುಂಡಿ ಬಿಚ್ಚಿದ. ನಾನು ಮಗಳು, ಥಟ್ಟನೆ ರಸ್ತೆ ಕಡೆ ತಿರುಗಿದೆ. ಅಕ್ಕನ ಮುಂದೆ ಬಾಯಿಬಿಡಲು ನಾಚಿದ್ದ ಮನುಷ್ಯ ಅಷ್ಟು ಗಂಡಸರಿಗೆ ಹೊಲಿಗೆಯ ಗುರುತು ತೋರಿಸುತ್ತಿದ್ದ. "ನೋಡ್ರೋ. ಸರಿಯಾಗಿ ನೋಡಿ. ಚಿಂದಿ ಇಲ್ಲೇ ಕೂರ್ತಿತ್ತು," ಅನ್ನುವುದು ಕೇಳಿಸಿತು. ಯಾರೂ ನಗಲಿಲ್ಲ.

ಅಂದು ಸಂಜೆ ಅವರ ಪ್ಯಾಂಟುಗಳೆಲ್ಲ ಅಂಗಡಿಗೆ ಬಂದವು. ಕೊಟ್ಟವರು ಕೊಟ್ಟು ಹೋದರು, ಇಬ್ಬರು ಮಾತ್ರ ಹೋಗದೆ ಬಾಗಿಲಲ್ಲಿ ನೆಲ ನೋಡುತ್ತ ನಿಂತರು. ಅತ್ತೆ ಮಿಷನ್ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ಡಾಕ್ಟರಮ್ಮ ಏಳು ಗಂಟೆವರೆಗೂ ಇರ್ತಾರೆ," ಅಂದಳು.